ಎಡಗಡೆಯ ಬಸಳೆ

“ಮುಟ್ಟಬೇಡಿ ಬಾಗಿಯಕ್ಕ! ಅದು ಸಾಕ್ಷಿ!”

ದೇವದಾಸರ ಕೂಗಿಗೆ ಬಾಗಿಯಕ್ಕನ ಕೈ ಅರ್ಧದಲ್ಲೇ ನಿಂತಿತು. ನಿನ್ನೆಯವರೆಗೆ ಹೆಬ್ಬೆರಳಿನಷ್ಟು ದಪ್ಪವಿದ್ದ ಬಸಳೆಯ ದಂಟು ಈಗ ಚಪ್ಪರದಿಂದ ಒದ್ದೆ ಹಗ್ಗದ ಹಾಗೆ ಜೋತು ತೂಗುತ್ತಿತ್ತು.

“ಸಾಕ್ಷಿಯೋ ಸಾಂಬಾರೋ, ಅದು ನನ್ನ ಬಸಳೆ,” ಎಂದರು ಬಾಗಿಯಕ್ಕ. “ವಾರದಿಂದ ಬರ್ತಾ ಇದ್ದೀರಿ ದೇವದಾಸಣ್ಣ. ನೀವು ಬಂದ ಮೇಲೆ ಎರಡು ದಂಟು ಸತ್ತಿತು. ನೀವು ಬರುವ ಮೊದಲು ಅದು ಇಷ್ಟು ಬೇಗ ಸಾಯ್ತಿರ್ಲಿಲ್ಲ.”

ಮಾತು ಚುಚ್ಚಿತು, ಆದರೆ ಸುಳ್ಳೇನಲ್ಲ. ಜಡಿಮಳೆಯ ಆಟಿ ತಿಂಗಳು ಹಿಡಿದಾಗಿನಿಂದ ಕುದ್ರೋಳಿಯ ಈ ಅಂಗಳದಲ್ಲಿ ಬಸಳೆ ಒಂದೊಂದೇ ದಂಟಾಗಿ ಸಾಯುತ್ತಿತ್ತು. ಕೊಂದವರನ್ನು ಹಿಡಿದೇ ಹಿಡಿಯುತ್ತೇನೆಂದು ಎದೆ ತಟ್ಟಿಕೊಂಡು ಬಂದ ದೇವದಾಸರು ಇನ್ನೂ ಒಂದು ಇರುವೆಯನ್ನೂ ಹಿಡಿದಿರಲಿಲ್ಲ.

ದೇವದಾಸರು ಇನ್ಶೂರೆನ್ಸಿನವರಿಗಾಗಿ ಬೋಟ್ ಸರ್ವೇಯರ್ ಆಗಿದ್ದವರು. ಮುಳುಗಿದ ಬೋಟು, ಸುಟ್ಟ ಬೋಟು, ಬಂಡೆಗೆ ಬಡಿದ ಬೋಟು, ಯಾವುದೇ ಇರಲಿ, ಅದರ ಹೊಟ್ಟೆಯೊಳಗೆ ಇಳಿದು ‘ಇದು ತಾನಾಗಿ ಆದದ್ದೋ, ಮಾಡಿಸಿದ್ದೋ’ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಬೋಟು ಬಿಟ್ಟಿತು, ಚಟ ಬಿಡಲಿಲ್ಲ. ಈಗ ಓಣಿಯಲ್ಲಿ ಯಾರ ಚಪ್ಪಲಿ ಕಾಣೆಯಾದರೂ ಅವರು ಭೂತಗನ್ನಡಿ ಹಿಡಿದು ಹೊರಡುತ್ತಾರೆ. ಅರ್ಧದಷ್ಟು ಚಪ್ಪಲಿಗಳು ಸಿಕ್ಕಿವೆ ಕೂಡ.

ಆದರೆ ಇವತ್ತಿನದು ಚಪ್ಪಲಿಯ ವಿಷಯವಲ್ಲ. ಸಿಟ್‌ಔಟಿನ ಕಂಬಕ್ಕೆ ಒರಗಿಸಿಟ್ಟ ನೀಲಿ ಸೂಟ್‌ಕೇಸನ್ನು ಅವರು ಗೇಟು ದಾಟುವಾಗಲೇ ಕಂಡಿದ್ದರು. ಅದರ ಪಕ್ಕದಲ್ಲಿ ಬಾಗಿಯಕ್ಕನ ಸೊಸೆ ದೀಕ್ಷಿತಾ ಮೊಣಕಾಲ ಮೇಲೆ ಕೈಯಿಟ್ಟು ಕುಳಿತಿದ್ದಳು. ಅತ್ತು ಮುಗಿಸಿದವರ ಮುಖ ಅವಳದ್ದು.

“ಎಂತ ಇದು ದೀಕ್ಷಿತಾ? ಎಲ್ಲಿಗೆ?”

“ಕೊಟ್ಟಾರಕ್ಕೆ, ಅಮ್ಮನ ಮನೆಗೆ. ಮಧ್ಯಾಹ್ನ ಊಟಕ್ಕೆ ನಾನು ಅಲ್ಲಿರ್ತೇನೆ ಅಂಕಲ್. ಮತ್ತೆ ಬರುದಿಲ್ಲ.” ಅವಳು ಅತ್ತೆಯ ಕಡೆ ನೋಡಲಿಲ್ಲ. “ನಿನ್ನೆ ಸಂಘದ ಹೆಂಗಸರ ಎದುರು ಮಾಮಿ ಹೇಳಿದ್ರಂತೆ, ಬಸಳೆಗೆ ವಿಷ ಹಾಕಿದ ಕೈ ನಾಳೆ ಅನ್ನಕ್ಕೆ ಹಾಕುದಿಲ್ಲ ಅಂತ ಎಂತ ಗ್ಯಾರಂಟಿ ಅಂತ. ಈ ಮನೆಯಲ್ಲಿ ಅಡುಗೆ ಮಾಡುವ ಕೈ ಯಾರದ್ದು? ನನ್ನದಲ್ವಾ?”

ಆಡಿದ ಮಾತು ಹಿಂದೆ ತೆಗೆದುಕೊಳ್ಳುವ ಅಭ್ಯಾಸ ಬಾಗಿಯಕ್ಕನಿಗೆ ಇರಲಿಲ್ಲ. ದೀಕ್ಷಿತಾಳ ಮೇಲೆ ಅನುಮಾನ ಬೀಳಲು ಒಂದು ಕಾರಣವೂ ಇತ್ತು. ಬೇಸಿಗೆಯಲ್ಲಿ ಅವಳು ಈ ಚಪ್ಪರ ತೆಗೆದು ಶೀಟು ಹಾಕಿದರೆ ಎರಡು ಹೊಲಿಗೆ ಮೆಷಿನ್ ಇಡಬಹುದು ಎಂದಿದ್ದಳು. ಗಲ್ಫಿನಲ್ಲಿರುವ ಗಂಡ ರೂಪೇಶ್ ಫೋನಿನಲ್ಲೇ ‘ಆಯ್ತು’ ಎಂದಿದ್ದ. ಅತ್ತೆ ಮಾತ್ರ ‘ನಾನು ಸತ್ತ ಮೇಲೆ ಹಾಕು’ ಎಂದಿದ್ದರು. ಮದುವೆಯಾಗಿ ಹಳೆಯಂಗಡಿಯಿಂದ ಬರುವಾಗ ಸೆರಗಿನಲ್ಲಿ ಸುತ್ತಿ ತಂದ ಒಂದು ದಂಟಿನಿಂದ ಆದ ಬಸಳೆ ಅದು. ಈ ಓಣಿಯಲ್ಲಿ ಅದರ ಸೊಪ್ಪು ಉಣ್ಣದ ಮನೆಯಿಲ್ಲ, ಅದರ ದಂಟು ಊರದ ಹಿತ್ತಿಲಿಲ್ಲ.

“ಊಟದ ಹೊತ್ತಿನವರೆಗೆ ಟೈಮ್ ಕೊಡು ಮಗಾ,” ಎಂದರು ದೇವದಾಸರು. “ಅಷ್ಟರೊಳಗೆ ಹೇಳ್ತೇನೆ.”

“ಹೋದ ಸಲವೂ ಹೀಗೇ ಹೇಳಿದ್ದೀರಿ ಅಂಕಲ್. ಹುಳ ಅಂದ್ರಿ.”

“ಅದು ಹೋದ ಸಲ.”

ಗೇಟಿನ ಹೊರಗೆ ಸ್ಕೂಟರ್ ನಿಂತಿತು. ದೇವದಾಸರ ಮಗಳು ಮೋಕ್ಷಾ ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದಳು. ಕೊಟ್ಟಾರದ ಆಫೀಸಿಗೆ ದಿನಾ ಇದೇ ಓಣಿಯಲ್ಲಿ ಹೋಗುವವಳು, ಇವತ್ತು ರಜೆ ಹಾಕಿ ಅಪ್ಪನ ಅಸಿಸ್ಟೆಂಟ್ ಆಗಿದ್ದಳು. ಆ ಮನೆಯ ಹಳದಿ ಬೆಕ್ಕು ಮುದ್ದು ಎಲ್ಲಿತ್ತೋ, ಬಾಲ ಎತ್ತಿಕೊಂಡು ಓಡಿಬಂದು ಮೊದಲು ಸ್ಕೂಟರಿನ ಡಿಕ್ಕಿಗೆ ಮೈ ಉಜ್ಜಿತು, ಆಮೇಲೆ ಅವಳ ಕಾಲಿಗೆ.

“ಬೆಕ್ಕಿಗೂ ನಿನ್ನ ಮೇಲೆ ಪ್ರೀತಿ,” ಎಂದರು ದೇವದಾಸರು. “ನನ್ನನ್ನು ಕಂಡರೆ ಗುರ್ ಅನ್ತದೆ.”

“ನೀವು ಅದರ ಬಾಲ ತುಳಿದಿದ್ದೀರಿ ಪಪ್ಪ, ಎರಡು ಸಲ,” ಎಂದಳು ಮೋಕ್ಷಾ. “ಎಲ್ಲಿಂದ ಶುರು ಮಾಡುವ?”

ಅವರು ದಂಟಿನಿಂದಲೇ ಶುರುಮಾಡಿದರು. ಜೇಬಿನಿಂದ ಚಾಕು ತೆಗೆದು ಸತ್ತ ದಂಟನ್ನು ಬುಡದಿಂದ ತುದಿಯವರೆಗೆ ಸೀಳಿದರು. ಒಳಗೆ ಸುರಂಗವಿರಲಿಲ್ಲ, ಹುಳ ತಿಂದ ಹುಡಿಯೂ ಇರಲಿಲ್ಲ. ಸೊಪ್ಪಿನ ಮೇಲೆ ಬಸಳೆಗೆ ಸಾಮಾನ್ಯವಾಗಿ ಬರುವ ಕೆಂಪು ಬಳೆಯ ಚುಕ್ಕೆಗಳೂ ಕಾಣಲಿಲ್ಲ. ಎಲೆಗಳ ಅಂಚು ಮಾತ್ರ ಸುತ್ತಲೂ ಕಂದಾಗಿ ಸುಟ್ಟುಹೋಗಿತ್ತು.

“ಹುಳ ಅಲ್ಲ, ಚುಕ್ಕೆ ರೋಗ ಅಲ್ಲ,” ಎಂದು ಬೆರಳು ಮಡಚಿದರು. “ಬೇರು ನೋಡುವ.”

ಮೋಕ್ಷಾ ಸಣ್ಣ ಸಲಾಕೆ ತಗೊಂಡು ಎಡಗೈಯಲ್ಲಿ ಬುಡ ಬಿಡಿಸಿದಳು. ಹುಟ್ಟಿನಿಂದ ಅವಳು ಎಡಚಿ. ದೇವದಾಸರು ಒಂದು ಬೇರು ಎಳೆದು ಮೂಗಿಗೆ ಹಿಡಿದರು. ನೀರು ನಿಂತು ಕೊಳೆತ ಬೇರಾದರೆ ಹಳೆ ಕಳ್ಳಿನ ಹಾಗೆ ಹುಳಿ ವಾಸನೆ ಬರುತ್ತದೆ, ಹಿಂಡಿದರೆ ಸಿಪ್ಪೆ ಜಾರುತ್ತದೆ. ಇದು ಜಾರಲಿಲ್ಲ, ನಾರಿನ ಹಾಗೆ ಗಟ್ಟಿಯಾಗಿ ಬಿಗಿದುಕೊಂಡಿತ್ತು.

“ವಿಚಿತ್ರ ಉಂಟು,” ಎಂದು ಗೊಣಗಿದರು. “ಮಣ್ಣು ಒದ್ದೆ ಉಂಟು. ಗಿಡ ಮಾತ್ರ ನೀರಿಲ್ಲದೆ ಸತ್ತ ಹಾಗೆ ಸತ್ತಿದೆ.”

ಬಾಗಿಯಕ್ಕ ಸೊಂಟದ ಮೇಲೆ ಕೈಯಿಟ್ಟರು. “ಅದನ್ನೇ ನಾನು ವಿಷ ಅಂದದ್ದು. ಸುಮ್ಮನೆ ಅಂದದ್ದಾ?”

ದೇವದಾಸರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಬೋಟಿನ ಹತ್ತಿರ ನಿಂತರೆ ತೂತು ಕಾಣುತ್ತದೆ, ದೂರ ನಿಂತರೆ ಅದು ಯಾವ ಕಡೆಗೆ ವಾಲಿದೆ ಎಂದು ಕಾಣುತ್ತದೆ. ಇದು ಅವರು ಎಲ್ಲರಿಗೂ ಹೇಳುವ ಮಾತು. ತಾವು ಮಾತ್ರ ಆಗಾಗ ಮರೆಯುತ್ತಾರೆ.

ಚಪ್ಪರವೂ ವಾಲಿತ್ತು. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿಸಿದ ಮೇಲೆ ಬಾಗಿಯಕ್ಕ ಬಸಳೆಯನ್ನು ಬಾವಿಗೆ ಇಳಿಸುವ ಸಿಮೆಂಟಿನ ಎರಡು ರಿಂಗುಗಳಲ್ಲಿ ಮಣ್ಣು ತುಂಬಿ ನೆಟ್ಟಿದ್ದರು. ಎಡಕ್ಕೊಂದು, ಬಲಕ್ಕೊಂದು. ಬಲಗಡೆಯ ಬಸಳೆ ಆಟಿಯ ಮಳೆ ಕುಡಿದು ಸೊಕ್ಕಿತ್ತು, ಎಳೆ ತುದಿಗಳು ಚಪ್ಪರ ದಾಟಿ ಕರೆಂಟ್ ವಯರಿಗೆ ಕೈ ಚಾಚುತ್ತಿದ್ದವು. ಸತ್ತ ದಂಟುಗಳೆಲ್ಲ ಎಡಗಡೆಯ ರಿಂಗಿನವು.

“ಎಡಗಡೆಯ ರಿಂಗಿನಲ್ಲಿ ಬಸಳೆ ಬಿಟ್ಟು ಬೇರೆ ಎಂತ ಇತ್ತು?”

“ತಿಮರೆ ಸೊಪ್ಪು ಇತ್ತು, ಚಟ್ನಿಗೆ,” ಎಂದರು ಬಾಗಿಯಕ್ಕ. “ಅದು ಬಸಳೆಗಿಂತ ಮೊದಲೇ ಹೋಯ್ತು. ತಿಮರೆ ತಾನೆ ಅಂತ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.”

“ಅಲ್ಲಿಗೆ ಹುಳದ ಕಥೆ ಮುಗಿಯಿತು!” ದೇವದಾಸರ ಧ್ವನಿ ಏರಿತು. “ಬಸಳೆಯ ಹುಳ ತಿಮರೆಯನ್ನು ಯಾಕೆ ತಿನ್ತದೆ? ರೋಗ ಗಿಡದ್ದಲ್ಲ ಬಾಗಿಯಕ್ಕ, ರಿಂಗಿನದ್ದು. ಮಣ್ಣಿನದ್ದು!”

ಮಗಳೂ ಅಪ್ಪನೂ ಎಡಗಡೆಯ ರಿಂಗಿನ ಮೇಲೆ ಬಗ್ಗಿದರು. ಬಚ್ಚಲುಮನೆಯ ಮಾಡಿನ ಶೀಟು ಹೊರಗೆ ಚಾಚಿ ಆ ರಿಂಗನ್ನು ಪೂರ್ತಿ ಮುಚ್ಚಿತ್ತು. ಅಲ್ಲಿಗೆ ಒಂದು ಹನಿ ಮಳೆಯೂ ಬೀಳುತ್ತಿರಲಿಲ್ಲ, ಹೊಯ್ದ ನೀರು ಮಾತ್ರ. ರಿಂಗಿನ ಒಳ ಅಂಚಿನಲ್ಲಿ, ಮಣ್ಣು ಸಿಮೆಂಟಿಗೆ ತಾಗುವಲ್ಲಿ, ತೆಳ್ಳಗೆ ಬಿಳಿ ಬಿಳಿ ಕಟ್ಟಿತ್ತು.

“ಸುಣ್ಣ ಇರ್ಬೇಕು ಪಪ್ಪ, ಸಿಮೆಂಟಿನದ್ದು,” ಎಂದಳು ಮೋಕ್ಷಾ.

“ಬಲಗಡೆಯದ್ದೂ ಸಿಮೆಂಟೇ ಅಲ್ವಾ? ಅಲ್ಲಿ ಎಲ್ಲಿ ಉಂಟು?” ಎಂದು ದೇವದಾಸರು ಉಗುರಿನಲ್ಲಿ ಸ್ವಲ್ಪ ಕೆರೆದರು. ನೋಡಿದರು, ಮೂಸಿದರು. ಮತ್ತೆ ಯಾರೂ ತಡೆಯುವ ಮೊದಲು ನಾಲಿಗೆಗೆ ಇಟ್ಟುಕೊಂಡರು.

“ಶೀ! ಪಪ್ಪ!”

“ಉಪ್ಪು,” ಎಂದರು ದೇವದಾಸರು. ಅವರ ಮುಖ ಜಾತ್ರೆಯಲ್ಲಿ ಮಿಠಾಯಿ ಸಿಕ್ಕಿದ ಹುಡುಗನ ಮುಖವಾಗಿತ್ತು. “ಉಪ್ಪು ಮಾರಾಯ್ತಿ! ಅದಕ್ಕೇ ಮಣ್ಣು ಒದ್ದೆ ಇದ್ದರೂ ಗಿಡ ಬಾಯಾರಿ ಸತ್ತದ್ದು. ನಡು ಸಮುದ್ರದಲ್ಲಿ ಡೀಸೆಲ್ ಮುಗಿದು ಸಿಕ್ಕಿಬಿದ್ದವನ ಸುತ್ತ ನೀರೇ ನೀರು, ಕುಡಿಯಲಿಕ್ಕೆ ಆಗ್ತದಾ? ಈ ಬಸಳೆಯ ಗತಿಯೂ ಅದೇ!”

ಮೋಕ್ಷಾಳ ಕೈಯಿಂದ ಸಲಾಕೆ ಜಾರಿ ಇಂಟರ್‌ಲಾಕಿನ ಮೇಲೆ ಟಣ್ಣೆಂದು ಬಿತ್ತು. ಅವಳು ಅದನ್ನು ಹೆಕ್ಕಿಕೊಂಡು, ಆ ಬಿಳಿ ಮಣ್ಣನ್ನು ಒಂದು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸಿ, ತೊಟ್ಟೆಯ ಬಾಯಿಯನ್ನು ತಿರುಚಿ ಗಂಟು ಹಾಕಿದಳು. ಬಲೆ ಹೆಣೆಯುವವರ ಗಂಟು ಅದು, ದೇವದಾಸರ ಅಜ್ಜನಿಂದ ಮನೆಯಲ್ಲಿ ಬಂದದ್ದು. ಮಗ ಲತೀಶನಿಗೂ ಮಗಳಿಗೂ ಅವರೇ ಕಲಿಸಿದ್ದರು. ಲತೀಶ ಎಲ್ಲರ ಹಾಗೆ ಬಲಕ್ಕೆ ಸುತ್ತುತ್ತಾನೆ, ಇವಳದ್ದು ಎಡಕ್ಕೆ.

“ನಿನ್ನ ಗಂಟು ಬಿಚ್ಚಲಿಕ್ಕೆ ಕನ್ನಡಿ ಬೇಕು,” ಎಂದು ಎಂದಿನ ತಮಾಷೆ ಮಾಡಿ ದೇವದಾಸರು ತೊಟ್ಟೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು.

ಎಂದಿನ ಹಾಗೆ ಅವಳು ನಗಲಿಲ್ಲ. “ಮಳೆ ಬರುವ ಹಾಗೆ ಉಂಟು ಪಪ್ಪ. ಉಪ್ಪು ಅಂತ ಗೊತ್ತಾಯ್ತಲ್ಲ, ಉಳಿದದ್ದು ನಾಳೆ ನೋಡುವ.”

ಆಕಾಶದಲ್ಲಿ ಆಟಿಯ ಅಪರೂಪದ ಬಿಸಿಲು ಕಾಯುತ್ತಿತ್ತು. ಪತ್ತೆಯ ಉತ್ಸಾಹದಲ್ಲಿದ್ದ ದೇವದಾಸರು ಅದನ್ನು ಗಮನಿಸಲಿಲ್ಲ. ಬಾಗಿಯಕ್ಕನಂತೂ ಆಗಲೇ ಸಿಟ್‌ಔಟಿನ ಕಡೆ ತಿರುಗಿದ್ದರು.

“ಉಪ್ಪಿನ ಡಬ್ಬ ಯಾರ ಕೈಯಲ್ಲಿ ಉಂಟು ಈ ಮನೆಯಲ್ಲಿ?” ಎಂದರು ಎಲ್ಲರಿಗೂ ಕೇಳುವಂತೆ.

ದೀಕ್ಷಿತಾ ಧಡಕ್ಕನೆ ಎದ್ದಳು. “ಮಾಮಿ, ಮಾವನ ಬಿಪಿಗೆ ಅಂತ ಒಂದು ವರ್ಷದಿಂದ ನಾನು ಸಾರಿಗೆ ಅರ್ಧ ಉಪ್ಪು ಹಾಕುದು. ಸಪ್ಪೆ ಸಪ್ಪೆ ಅಂತ ನೀವೇ ಬೈತೀರಿ. ಸಾರಿಗೆ ಹಾಕದವಳು ಬಸಳೆಗೆ ಹಾಕ್ತೇನಾ?” ಅವಳು ಸೂಟ್‌ಕೇಸಿನ ಹಿಡಿಕೆ ಹಿಡಿದಳು. “ಸಾಕಾಯ್ತು ಅಂಕಲ್. ರಿಕ್ಷಾ ಹೇಳಿ.”

“ಕೂತುಕೊಳ್ಳಿ, ಇಬ್ಬರೂ!” ದೇವದಾಸರು ಬಂದರಿನ ದಕ್ಕೆಯಲ್ಲಿ ಬೋಟಿನವರಿಗೆ ಗದರುತ್ತಿದ್ದ ಸ್ವರ ತೆಗೆದರು. ಇಬ್ಬರೂ ಕುಳಿತರು. ದೇವದಾಸರಿಗೇ ಆಶ್ಚರ್ಯವಾಯಿತು.

“ಬಾಗಿಯಕ್ಕ, ಬಸಳೆ ಕೊಲ್ಲಲೇಬೇಕು ಅಂತ ಇದ್ದವರು ಒಂದು ಕಿಲೋ ಕಲ್ಲುಪ್ಪು ತಂದು ಎರಡೂ ರಿಂಗಿಗೆ ಹಾಕಿ ಕೈ ತೊಳೀತಾರೆ. ಒಂದೇ ಬದಿಗೆ, ಸ್ವಲ್ಪ ಸ್ವಲ್ಪ, ಮಳೆಗಾಲ ಇಡೀ ಹಾಕ್ತಾ ಕೂತುಕೊಳ್ಳುದಿಲ್ಲ. ಇದು ಕೊಲೆ ಅಲ್ಲ. ಯಾರೋ ಉಪ್ಪು ನೀರು ಚೆಲ್ಲಿದ್ದಾರೆ, ಬಚ್ಚಲಿನ ಬಾಗಿಲಿಂದ ಕೈ ಚಾಚಿದರೆ ಸಿಗುವ ಜಾಗಕ್ಕೆ.”

ಹೇಳುತ್ತಿದ್ದ ಹಾಗೆ ಅವರ ಕಣ್ಣು ಮುದ್ದುವಿನ ಮೇಲೆ ಬಿತ್ತು. ಬೆಕ್ಕು ಎಡಗಡೆಯ ರಿಂಗಿಗೆ ಹತ್ತಿ ಮಣ್ಣನ್ನು ಮೂಸಿ ಮೂಸಿ ನೆಕ್ಕುತ್ತಿತ್ತು. ಬಲಗಡೆಯ ರಿಂಗನ್ನು ಅದು ತಿರುಗಿಯೂ ನೋಡಲಿಲ್ಲ.

“ಇದು ಯಾವಾಗಿನಿಂದ ಮಣ್ಣು ತಿನ್ತದೆ?”

“ಅದಕ್ಕೂ ಮರುಳು,” ಎಂದರು ಬಾಗಿಯಕ್ಕ. “ಮಳೆಗಾಲ ಅಂತ ಬೋಟು ಕಡಲಿಗೆ ಇಳಿಯದೆ ಹಸಿ ಮೀನಿಲ್ಲ. ಒಣ ಮೀನು ಹೋದ ವರ್ಷದಿಂದ ಈ ಗೇಟು ದಾಟಿಲ್ಲ. ಇವರನ್ನು ಆಸ್ಪತ್ರೆಯಲ್ಲಿ ಮಲಗಿಸಿ ಡಾಕ್ಟ್ರು ಕೈ ಮುಗಿದು ಹೇಳಿದ್ದು, ಒಣ ಮೀನು, ಉಪ್ಪಿನಕಾಯಿ, ಹಪ್ಪಳ ಮುಟ್ಟಬಾರದು ಅಂತ. ಮನೆಗೇ ತರುದಿಲ್ಲ ನಾನು.”

ದೇವದಾಸರ ತಲೆಯೊಳಗೆ ಏನೋ ಒಂದು ದಡ ಸೇರಿತು. ಅವರು ಮೆಲ್ಲಗೆ ದೀಕ್ಷಿತಾಳ ಕಡೆ ತಿರುಗಿದರು. “ಮಾವನ ಬಿಪಿ ಈಗ ಹೇಗೆ ಉಂಟು?”

“ಏರುದೇ ಅಂಕಲ್. ಅರ್ಧ ಉಪ್ಪು ಹಾಕಿಯೂ ಏರ್ತದೆ. ಮೊನ್ನೆ ಡಾಕ್ಟ್ರು ಇನ್ನೊಂದು ಮಾತ್ರೆ ಜಾಸ್ತಿ ಮಾಡಿದ್ರು.”

“ಬಸಳೆ ಸತ್ತ ಟೆನ್ಷನ್,” ಎಂದರು ಬಾಗಿಯಕ್ಕ. ಈಗ ಅವರ ಧ್ವನಿಯಲ್ಲಿ ಜಗಳವಿರಲಿಲ್ಲ. “ಬಾಯಿಬಿಟ್ಟು ಹೇಳುದಿಲ್ಲ ಅಷ್ಟೆ. ರಾತ್ರಿ ನಿದ್ದೆ ಬರುದಿಲ್ಲ ಅವರಿಗೆ. ನನಗೂ ಬರುದಿಲ್ಲ. ಉಸಿರಾಡ್ತಾರಾ ಅಂತ ಎದ್ದು ಎದ್ದು ನೋಡ್ತೇನೆ.”

“ಅಲ್ಲ ಬಾಗಿಯಕ್ಕ. ಬಸಳೆಗೂ ಲೋಕಯ್ಯಣ್ಣನಿಗೂ ಒಂದೇ ಕಾಯಿಲೆ. ಎಲ್ಲಿದ್ದಾರೆ ಅವರು?”

ಬಂದರಿನಲ್ಲಿ ಗೋಣಿ ಅಂಗಡಿ ಇಟ್ಟಿದ್ದ, ಈಗ ಮಗನ ಕೈಗೆ ಸಂಸಾರ ಕೊಟ್ಟು ಆರಾಮವಾಗಿರುವ ಬಾಗಿಯಕ್ಕನ ಗಂಡ ಲೋಕಯ್ಯ ಈವರೆಗೆ ಸಿಟ್‌ಔಟಿನ ಮೂಲೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಈಗ ಅಲ್ಲಿ ಅರ್ಧ ಸುಲಿದ ಕಾಯಿ ಮಾತ್ರ ಇತ್ತು. ಮುದ್ದು ರಿಂಗಿನಿಂದ ಹಾರಿ ಬಚ್ಚಲುಮನೆಯ ಮುಚ್ಚಿದ ಬಾಗಿಲ ಮುಂದೆ ಹೋಗಿ ಕುಳಿತು, ‘ಮ್ಯಾವ್’ ಎಂದು ಒಳಗಿನವರನ್ನು ಕರೆಯಿತು.

“ಲೋಕಯ್ಯಣ್ಣ, ಹೊರಗೆ ಬನ್ನಿ,” ಎಂದರು ದೇವದಾಸರು. “ಬೆಕ್ಕು ಸಾಕ್ಷಿ ಹೇಳಿಯಾಯ್ತು.”

ಚಿಲಕ ಸರಿಯಿತು. ಪಂಚೆ ಮೇಲೆ ಕಟ್ಟಿದ ಲೋಕಯ್ಯ ನಿಂತಿದ್ದರು, ಅವರ ಹಿಂದೆ ನೀರು ಕಾಯಿಸುವ ಹಂಡೆಯ ಒಲೆ. ದೇವದಾಸರು ಒಳಗೆ ಹೋಗಿ ಒಲೆಯ ಬೂದಿಯನ್ನು ಕಡ್ಡಿಯಲ್ಲಿ ಕೆದಕಿದರು. ಕಡ್ಡಿಯ ತುದಿಗೆ ಬಂಗುಡೆ ಮೀನಿನ ನಡುಮುಳ್ಳೊಂದು ಬಾಚಣಿಗೆಯ ಹಾಗೆ ಎದ್ದುಬಂತು.

“ಸಂಘದ ಮೀಟಿಂಗಿಗೆ ನಾನು ಹೋದಾಗ...” ಬಾಗಿಯಕ್ಕನ ಮಾತು ಅರ್ಧಕ್ಕೇ ನಿಂತಿತು.

“ಮೂರು ನೀರಲ್ಲಿ ತೊಳೀತೇನೆ ಮಾರಾಯ್ತಿ,” ಎಂದರು ಲೋಕಯ್ಯ ಸಣ್ಣ ಸ್ವರದಲ್ಲಿ. “ನೆನೆಸಿಟ್ಟು ತೊಳೀತೇನೆ. ಉಪ್ಪೆಲ್ಲ ನೀರಿಗೆ ಹೋಗ್ತದೆ. ಮತ್ತೆ ಮೀನಿನಲ್ಲಿ ಎಂತ ಉಂಟು? ಪರಿಮಳ ಮಾತ್ರ. ಚೂರು ಕೆಂಡಕ್ಕೆ ಹಾಕಿ, ಗಂಜಿಯ ಬದಿಯಲ್ಲಿ... ಬಿಪಿಗೆ ಎಂತ ತೊಂದರೆ ಅದರಲ್ಲಿ?”

“ಆ ಮೂರು ನೀರು?” ಎಂದರು ದೇವದಾಸರು.

“ಅದೆಂತ ಕೇಳುದು? ಮೀನಿನ ನೀರು ಯಾರಾದ್ರೂ ಚೆಲ್ತಾರಾ? ಬಸಳೆಯ ಬುಡಕ್ಕೆ. ನನ್ನ ಅಮ್ಮನೂ ಹಾಗೇ ಮಾಡಿದ್ದು, ಇವಳೂ ಹಾಗೇ ಮಾಡುದು. ಬಸಳೆಗೆ ಅದು ಟಾನಿಕ್ ಅಲ್ವಾ?”

ಮೀನು ತೊಳೆದ ನೀರನ್ನು ಬಸಳೆಗೆ ಹೊಯ್ಯದ ಮನೆ ಇಡೀ ಕುದ್ರೋಳಿಯಲ್ಲಿ ಎಲ್ಲಿದೆ? ದೇವದಾಸರ ಮನೆಯಲ್ಲೂ ಅದೇ ಪದ್ಧತಿ.

“ಹಸಿ ಮೀನಿನ ನೀರು ಟಾನಿಕ್ ಲೋಕಯ್ಯಣ್ಣ,” ಎಂದರು ಅವರು. “ಉಪ್ಪು ಮೀನಿನ ನೀರು ಸಮುದ್ರ. ಸಮುದ್ರದ ನೀರಲ್ಲಿ ಬಸಳೆ ಬೆಳೆಯುದಾದ್ರೆ ನಾವು ಬೀಚಿನಲ್ಲಿ ಚಪ್ಪರ ಹಾಕ್ತಿದ್ದೆವು. ಬಲಗಡೆಯದ್ದು ಮಳೆಗೆ ಇತ್ತು, ಬದುಕಿತು. ಎಡಗಡೆಯದ್ದು ಶೀಟಿನ ಅಡಿಗೆ ಬಿತ್ತು, ಹಾಕಿದ ಉಪ್ಪೆಲ್ಲ ಅಲ್ಲೇ ಕೂತಿತು. ಉಳಿದ ಎಳೆ ತುದಿ ಕೊಯ್ದು ಹೊಸ ಮಣ್ಣಿಗೆ ಊರಿ ಬಾಗಿಯಕ್ಕ, ಹದಿನೈದು ದಿನದಲ್ಲಿ ಚಿಗುರ್ತದೆ.”

ಬಾಗಿಯಕ್ಕ ನಗುತ್ತಾರೋ ಕೂಗುತ್ತಾರೋ ಎಂದು ಎಲ್ಲರೂ ಕಾದರು. ಅವರು ಎರಡೂ ಮಾಡಲಿಲ್ಲ. ನೇರ ಸಿಟ್‌ಔಟಿಗೆ ಹೋಗಿ ನೀಲಿ ಸೂಟ್‌ಕೇಸನ್ನು ಎತ್ತಿಕೊಂಡು ಮನೆಯೊಳಗೆ ಇಟ್ಟು ಬಂದರು. ಅದು ಭಾರವಿತ್ತು. ಹೊರಗೆ ಬರುವಾಗ ಅವರ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

“ನನ್ನ ಬಾಯಿಗೆ ಬೆಂಕಿ ಬೀಳ್ಲಿ,” ಎಂದರು ಸೊಸೆಯ ಎದುರು ನಿಂತು. “ಸಂಘದಲ್ಲಿ ಆಡಿದ್ದನ್ನು ಸಂಘದಲ್ಲೇ ಹಿಂದೆ ತಗೊಳ್ತೇನೆ. ಶೀಟು ಹಾಕು, ಮೆಷಿನ್ ಇಡು. ಚಪ್ಪರ ಅರ್ಧ ಸಾಕು ನನಗೆ.”

ದೀಕ್ಷಿತಾ ಅಳುತ್ತಾ ನಕ್ಕಳು. ದೇವದಾಸರಿಗೆ ಎದೆ ತುಂಬಿಬಂತು. ಮುಳುಗಿದ ಬೋಟುಗಳ ಕೆಲಸದಲ್ಲಿ ಇಂಥ ಸುಖ ಒಂದು ದಿನವೂ ಸಿಕ್ಕಿರಲಿಲ್ಲ. ಇನ್ನು ಒಂದು ಲೋಟ ಚಹಾ, ಅದರ ಜೊತೆಗೆ ಒಂದಿಷ್ಟು ಹೊಗಳಿಕೆ, ಅಲ್ಲಿಗೆ ಮನೆಗೆ ಹೋಗಬಹುದು ಎಂದುಕೊಂಡರು.

ಆದರೆ ಬಾಗಿಯಕ್ಕ ಗಂಡನ ಕಡೆ ತಿರುಗಿದ್ದರು.

“ಮೀನು ಯಾರು ತಂದುಕೊಟ್ಟದ್ದು?”

“ಗೊತ್ತಿಲ್ಲ.”

“ಗೊತ್ತಿಲ್ವಾ?”

“ದೇವರಾಣೆ ಗೊತ್ತಿಲ್ಲ!” ಲೋಕಯ್ಯ ನೆತ್ತಿಯ ಮೇಲೆ ಕೈ ಇಟ್ಟುಕೊಂಡರು. “ಬೋಟು ನಿಂತ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕ್ಲಿಕ್ಕೆ ಎಲ್ಲರಿಗಿಂತ ಮೊದಲು ಎದ್ದು ಬಂದ್ರೆ ಚಪ್ಪರದ ಕೊಕ್ಕೆಯಲ್ಲಿ ತೊಟ್ಟೆ ನೇತಾಡ್ತಾ ಉಂಟು. ಬಿಚ್ಚಿದ್ರೆ ಒಣ ಬಂಗುಡೆ. ಮುಂದಿನ ಮಂಗಳವಾರ ಮತ್ತೆ. ಸಪ್ಪೆ ಗಂಜಿ ಇಳಿಯುದಿಲ್ಲ ಅಂತ ಓಣಿಯಲ್ಲಿ ಹೋಗಿ ಬರುವವರ ಹತ್ತಿರ ಎಲ್ಲ ಹೇಳ್ತಿದ್ದೆ, ಯಾರಿಗೆ ಪಾಪ ಕಂಡಿತೋ. ಯಾರು ಅಂತ ಕೇಳಿದ್ರೆ ನಿಂತುಹೋಗ್ತದೆ ಅಂತ ಹೆದರಿ ಕೇಳ್ಲಿಲ್ಲ.”

ಹೊರಗಿನವರು ಯಾರೋ ವಾರ ವಾರವೂ, ಯಾರೂ ಏಳುವ ಮೊದಲೇ, ಈ ಗೇಟು ತೆರೆದು ಒಳಗೆ ಬರುತ್ತಿದ್ದಾರೆ. ಬಿಪಿಯವನ ಬಾಯಿಗೆ ಉಪ್ಪು ಇಡುತ್ತಿದ್ದಾರೆ.

“ದೇವದಾಸಣ್ಣ.” ಬಾಗಿಯಕ್ಕನ ಸ್ವರ ಮೆಲ್ಲಗಿತ್ತು. “ಬಸಳೆ ಸಾಯ್ಲಿ ಬಿಡಿ. ಇವರಿಗೆ ಎಂತಾದ್ರೂ ಆಗಿದ್ರೆ? ಹೋದ ವರ್ಷ ಆ ಐಸಿಯು ಬಾಗಿಲಲ್ಲಿ ನಾನು ಕೂತದ್ದು ನನಗೊಬ್ಬಳಿಗೇ ಗೊತ್ತುಂಟು. ಯಾರು ಅಂತ ನನಗೆ ಗೊತ್ತಾಗಬೇಕು.”

“ನನಗೂ ಗೊತ್ತಾಗಬೇಕು ಅಂಕಲ್,” ಎಂದಳು ದೀಕ್ಷಿತಾ. “ಈ ಮನೆಯಲ್ಲಿ ಬೆಳಿಗ್ಗೆ ಮೊದಲು ಗೇಟು ತೆಗೆಯುದು ನಾನು. ನಾಳೆ ಮತ್ತೆ ಆ ಮಾತು ನನ್ನ ಮೇಲೆಯೇ ಬರುದಲ್ವಾ? ಅವರು ಯಾರೂಂತ ಹೇಳಿ. ಇಲ್ಲದಿದ್ರೆ ಸೂಟ್‌ಕೇಸ್ ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ.”

ಗೆದ್ದ ಉಬ್ಬಿನಲ್ಲಿ ಮನುಷ್ಯ ಆಡಬಾರದ ಮಾತು ಆಡುತ್ತಾನೆ. ದೇವದಾಸರು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಗೋಕರ್ಣನಾಥನ ಮೇಲಾಣೆ. ಅದು ಯಾರೇ ಇರ್ಲಿ ಬಾಗಿಯಕ್ಕ, ಕೈ ಹಿಡಿದು ತಂದು ನಿಮ್ಮ ಎದುರು, ದೀಕ್ಷಿತಾಳ ಎದುರು ನಿಲ್ಲಿಸ್ತೇನೆ. ನನ್ನ ಮನೆಯವರೇ ಆದ್ರೂ ಸರಿ!”

ಬಾಗಿಯಕ್ಕ ತಲೆಯಾಡಿಸಿದರು. ಆ ಆಣೆ ಅವರಿಗೆ ಸಾಕಾಯಿತು.

“ತೊಟ್ಟೆ ಒಂದಾದ್ರೂ ಉಳಿದಿದೆಯಾ ಲೋಕಯ್ಯಣ್ಣ?”

ಲೋಕಯ್ಯ ಹೆಂಡತಿಯ ಮುಖ ನೋಡಿದರು, ನೆಲ ನೋಡಿದರು. ಆಮೇಲೆ ಬಚ್ಚಲಿನ ಮೂಲೆಯ ತೆಂಗಿನ ಸಿಪ್ಪೆಯ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಒಂದು ತೊಟ್ಟೆ ಎಳೆದರು. “ಇವತ್ತಿನದ್ದು. ಇನ್ನೂ ಬಿಚ್ಚಿಲ್ಲ,” ಎಂದರು ಬೇಸರದಿಂದ.

ದೇವದಾಸರು ಅದನ್ನು ಬೆಳಕಿಗೆ ಹಿಡಿದರು. ಅಂಗಡಿಯ ಹೆಸರಿರಲಿಲ್ಲ, ಗುರುತಿರಲಿಲ್ಲ. ಒಳಗೆ ಬಾಲಕ್ಕೆ ಬಾಲ ಜೋಡಿಸಿಟ್ಟ ಬಂಗುಡೆ. ಬಿಚ್ಚಿ ನೋಡೋಣವೆಂದು ಬಾಯಿಯ ಗಂಟಿಗೆ ಬೆರಳು ಹಾಕಿದರು. ಆ ಗಂಟು ಅವರ ಬೆರಳಿಗೆ ಪರಿಚಯವಿತ್ತು, ಬಲೆಯ ಗಂಟು. ಸಾವಿರ ಸಲ ಕತ್ತಲೆಯಲ್ಲೇ ಬಿಚ್ಚಿದ ಗಂಟು.

ಇದು ಬಿಚ್ಚಲಿಲ್ಲ. ಬೆರಳು ಬಲಕ್ಕೆ ಹೋದರೆ ಗಂಟು ಎಡಕ್ಕೆ ಹೋಗುತ್ತಿತ್ತು.

ದೇವದಾಸರ ಕೈ ತಾನಾಗಿ ಅಂಗಿಯ ಕಿಸೆಗೆ ಹೋಯಿತು. ಮಣ್ಣಿನ ತೊಟ್ಟೆಯನ್ನು ಹೊರತೆಗೆದು ಮೀನಿನ ತೊಟ್ಟೆಯ ಪಕ್ಕದಲ್ಲಿ ಹಿಡಿದರು. ಎರಡು ಗಂಟುಗಳೂ ಒಂದೇ ಕಡೆ ಮುಖ ತಿರುಗಿಸಿ ಕುಳಿತಿದ್ದವು.

“ಎಂತ ದೇವದಾಸಣ್ಣ, ಗೊತ್ತಾಯ್ತಾ?” ಬಾಗಿಯಕ್ಕ ಹತ್ತಿರ ಬಂದರು. ಅವರ ಹಿಂದೆಯೇ ದೀಕ್ಷಿತಾಳೂ ಬಂದಳು, ಕಣ್ಣು ಒರೆಸಿಕೊಂಡು, ಪೂರ್ತಿ ನಂಬಿಕೆಯಿಂದ. “ಯಾರ ಗಂಟು ಅದು?”

ದೇವದಾಸರು ತಿರುಗಿ ನೋಡಿದರು. ಬಲಗಡೆಯ ಬಸಳೆಯ ನೆರಳಿನಲ್ಲಿ ಮಗಳು ನಿಂತಿದ್ದ ಜಾಗ ಖಾಲಿಯಿತ್ತು. ಸಲಾಕೆ ರಿಂಗಿಗೆ ಒರಗಿ ನಿಂತಿತ್ತು, ಹೆಲ್ಮೆಟ್ ಇರಲಿಲ್ಲ.

ಗೇಟಿನ ಹೊರಗೆ ಸ್ಕೂಟರ್ ಸ್ಟಾರ್ಟ್ ಆಯಿತು. ಮುದ್ದು ಕಿವಿ ನಿಮಿರಿಸಿ, ಬಾಲ ಎತ್ತಿಕೊಂಡು, ಮಂಗಳವಾರದ ಗುರುತಿನ ಸದ್ದು ಕೇಳಿದ ಖುಷಿಯಲ್ಲಿ ಅದರ ಹಿಂದೆ ಓಡಿತು.